ಚಾವಡಿಯಲ್ಲಿ ಫುಲ್ ವೈ-ಫೈ, ಒಳಕೋಣೆಯಲ್ಲಿ ಸೊನ್ನೆ: ಏನು ಮಾಡಬಹುದು?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಒಳ ಊರುಗಳಿಗೂ ಈಗ ಫೈಬರ್ ಬಂದಿದೆ. ಕಂಬದಿಂದ ಕಂಬಕ್ಕೆ ತೂಗುತ್ತಾ ಬಂದ ಕಪ್ಪು ವಯರು ಅಡಿಕೆ ತೋಟ ದಾಟಿ, ಜಗಲಿಯ ಕಿಟಕಿಯಿಂದ ಒಳಗಿಳಿಯುತ್ತದೆ. ಎಳೆಯಲು ಬಂದವರು ಹತ್ತಿರದ ಗೋಡೆಗೆ ಎರಡು ಸ್ಕ್ರೂ ಹೊಡೆದು ವೈ-ಫೈ ಪೆಟ್ಟಿಗೆ ಸಿಕ್ಕಿಸಿ ಹೋಗುತ್ತಾರೆ. ಆಮೇಲೆ ಶುರುವಾಗುತ್ತದೆ ತಾಪತ್ರಯ. ಚಾವಡಿಯಲ್ಲಿ ಸಿನಿಮಾ ಸಲೀಸಾಗಿ ಓಡುತ್ತದೆ, ಒಳಕೋಣೆಯಲ್ಲಿ ವಾಟ್ಸ್‌ಆ್ಯಪ್ ಫೋಟೊ ಕೂಡ ಸುತ್ತುತ್ತಲೇ ಇರುತ್ತದೆ. ಕಂಪನಿಗೆ ಬೈದು, ದೊಡ್ಡ ಪ್ಲಾನ್ ಹಾಕಿಸಿ, ನಾಲ್ಕು ಆಂಟೆನಾದ ರೌಟರ್ ತಂದರೂ ಒಳಕೋಣೆಯ ಕತೆ ಹಾಗೇ ಉಳಿಯುವುದುಂಟು. ದುಡ್ಡು ಬಿಚ್ಚುವ ಮೊದಲು ತೊಂದರೆ ಎಲ್ಲಿದೆ ಎಂದು ಹುಡುಕೋಣ.

ಮೊದಲು ಲೈನ್ ನೋಡಿ

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ಪೆಟ್ಟಿಗೆಗೆ ಚುಚ್ಚಿ, ಅದರ ವೈ-ಫೈ ಆಫ್ ಮಾಡಿ, ಸ್ಪೀಡ್ ಟೆಸ್ಟ್ ಮಾಡಿ. 100 ಎಂಬಿಪಿಎಸ್ ಪ್ಲಾನ್‌ಗೆ 90ರ ಮೇಲೆ ಬಂದರೆ ಲೈನ್ ಸರಿ ಇದೆ, ದೂರು ಕೊಟ್ಟು ಫಲವಿಲ್ಲ. ದೊಡ್ಡ ಪ್ಲಾನ್ ಇದ್ದೂ 94ರ ಹತ್ತಿರ ಬಂದು ನಿಂತುಬಿಟ್ಟರೆ ಕೇಬಲ್ಲೋ ಪೋರ್ಟೋ ಹಳೇ 100ರ ಕಾಲದ್ದು.

ಕೇಬಲ್‌ನಲ್ಲೂ ನಿಧಾನ ಎಂದಾದರೆ ವೈ-ಫೈಯನ್ನು ದೂರಬೇಡಿ. ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಒಳಗೆ ಬರುತ್ತಿಲ್ಲ ಎಂದರ್ಥ. ಸೋಗೆ ಬಿದ್ದು ವಯರು ತುಂಡಾಗಿರಬಹುದು. ಕಿಟಕಿ ಬಾಗಿಲಿನ ಸಂದಿಯಲ್ಲಿ ಅದು ಮಡಚಿಕೊಂಡಿದೆಯೇ ಎಂದೂ ನೋಡಿ. ಫೈಬರ್ ಜಾಸ್ತಿ ಬಾಗಿದರೆ ಒಳಗಿನ ಬೆಳಕು ಸೋರಿ ಹೋಗುತ್ತದೆ.

ಗೀಟು ನಂಬಬೇಡಿ, ಅಳೆಯಿರಿ

ಫೋನಿನ ಮೇಲೆ ಕಾಣುವ ಗೀಟುಗಳು ಒಂದೊಂದು ಕಂಪನಿಯದ್ದು ಒಂದೊಂದು ಲೆಕ್ಕ. ಆಂಡ್ರಾಯ್ಡ್‌ನಲ್ಲಾದರೆ ಯಾವುದಾದರೂ ವೈ-ಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ. ಐಫೋನ್‌ನವರು ಆ್ಯಪಲ್‌ನದ್ದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಅದರ ಸ್ಕ್ಯಾನರ್ ಆನ್ ಮಾಡಬೇಕು. ಅಲ್ಲಿ ಸಿಗ್ನಲ್‌ನ ಬಲ ಹೇಳುವ ಡಿಬಿಎಂ ಎಂಬ ಅಂಕಿ ಸಿಗುತ್ತದೆ.

ಇದು ಮೈನಸ್ ಲೆಕ್ಕ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50ರ ಆಸುಪಾಸು ಭರ್ಜರಿ. ಮೈನಸ್ 67ರವರೆಗೆ ವಿಡಿಯೊ ಕಾಲ್ ಸಲೀಸು. 70 ದಾಟಿದರೆ ತಡವರಿಕೆ, 80 ದಾಟಿದರೆ ಹೆಸರಿಗಷ್ಟೇ ಕನೆಕ್ಷನ್. ನೋಡಲು ಚಿಕ್ಕ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಆದರೆ 3 ಅಂಕಿ ಇಳಿದರೆ ಶಕ್ತಿ ಅರ್ಧವಾಯಿತು, 10 ಇಳಿದರೆ ಹತ್ತರಲ್ಲೊಂದು ಪಾಲು ಉಳಿಯಿತು. ಅಂದರೆ ಮೈನಸ್ 60ಕ್ಕೂ ಮೈನಸ್ 80ಕ್ಕೂ ನೂರು ಪಟ್ಟು ಅಂತರ.

ಫೋನ್ ಕೈಯಲ್ಲಿ ಹಿಡಿದು ಚಾವಡಿಯಿಂದ ಹೊರಡಿ. ಪ್ರತಿ ಬಾಗಿಲಲ್ಲಿ ಸ್ವಲ್ಪ ನಿಲ್ಲಿ, ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಿ. ಒಂದೇ ಗೋಡೆ ದಾಟಿದಾಗ ಅಂಕಿ ದಡಕ್ಕನೆ ಬೀಳುವ ಜಾಗ ಒಂದಿರುತ್ತದೆ. ಕಳ್ಳ ಅಲ್ಲೇ ಇದ್ದಾನೆ.

ಕೆಂಪುಕಲ್ಲು ಮತ್ತು ಶೀಟು

ನಮ್ಮಲ್ಲಿ ಹೆಚ್ಚಿನ ಮನೆಗಳ ಗೋಡೆ ಕೆಂಪುಕಲ್ಲಿನದು. ದಪ್ಪ ಗೋಡೆ, ಮೈಯೆಲ್ಲಾ ತೂತು, ಮಳೆಗಾಲದಲ್ಲಿ ನೀರು ಕುಡಿದು ಕೂರುತ್ತದೆ. ನೀರಿಗೆ ವೈ-ಫೈ ಅಲೆಯನ್ನು ನುಂಗುವ ಗುಣವಿದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿದ್ದ ಮೂಲೆಕೋಣೆ ಆಷಾಢದಲ್ಲಿ ಪೂರ್ತಿ ಸತ್ತರೆ ಆಶ್ಚರ್ಯ ಬೇಡ. ಅಲೆ ಓರೆಯಾಗಿ ಹಾದರಂತೂ ಅದೇ ಗೋಡೆ ಇನ್ನಷ್ಟು ದಪ್ಪವಾದ ಲೆಕ್ಕ. ಟೆರೇಸಿನ ಮೇಲೆ ಮಳೆಗೆಂದು ಶೀಟು ಹಾಕಿಸಿ, ಅದರ ಮೇಲಿಂದ ಹಟ್ಟಿಗೋ ಅಂಗಳಕ್ಕೋ ಸಿಗ್ನಲ್ ಹೋದೀತು ಎಂದು ಕಾಯುವುದು ದಂಡ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಸ್ಟೀಲ್ ಕಪಾಟು, ಫ್ರಿಜ್, ದೊಡ್ಡ ಕನ್ನಡಿ, ಟಿವಿಯ ಹಿಂಭಾಗ ಎಲ್ಲವೂ ಇದೇ ಜಾತಿ.

ಮರದ ಬಾಗಿಲು ಅಷ್ಟು ಕಾಟ ಕೊಡುವುದಿಲ್ಲ. ಹಾಗಾಗಿ ಒಂದು ಉಪಾಯ: ಪೆಟ್ಟಿಗೆ ಇಡುವ ಜಾಗದಲ್ಲಿ ಬಲ್ಬ್ ಉರಿಯುತ್ತಿದೆ ಎಂದುಕೊಳ್ಳಿ. ಬಾಗಿಲುಗಳೆಲ್ಲ ತೆರೆದಿರುವಾಗ ಅದರ ಬೆಳಕು ಯಾವ ಜಾಗದಿಂದ ಜಾಸ್ತಿ ಕೋಣೆಗಳಿಗೆ ಬೀಳುತ್ತದೋ ವೈ-ಫೈಗೂ ಅದೇ ಒಳ್ಳೆಯ ಜಾಗ. ಸಾಮಾನ್ಯವಾಗಿ ಅದು ನಡುಮನೆ, ನೆಲದಿಂದ ಐದಾರು ಅಡಿ ಎತ್ತರ. ಫೈಬರ್ ಅಲ್ಲಿಗೆ ಮುಟ್ಟದಿದ್ದರೆ ಉದ್ದದ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪಿನ್ ಇರುವ ಫೈಬರ್ ತುಂಡು) ಹಾಕಿಕೊಡಿ ಎಂದು ಕೇಬಲ್‌ನವರನ್ನು ಕೇಳಿ. ಹೊಸ ರೌಟರ್‌ಗಿಂತ ಎಷ್ಟೋ ಕಡಿಮೆಗೆ ಮುಗಿಯುವ ಕೆಲಸ.

ಆಂಟೆನಾದ ತುದಿಯಿಂದ ಸಿಗ್ನಲ್ ಚಿಮ್ಮುವುದಿಲ್ಲ, ಪಕ್ಕಗಳಿಂದ ಹರಡುತ್ತದೆ. ಒಂದೇ ಅಂತಸ್ತಾದರೆ ಎಲ್ಲವೂ ನೆಟ್ಟಗೆ ನಿಲ್ಲಲಿ. ಉಪ್ಪರಿಗೆಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ.

2.4 ಅಥವಾ 5?

ವೈ-ಫೈ ಅಲೆ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ದಾರಿಯಲ್ಲಿ (ಬ್ಯಾಂಡ್) ಬರುತ್ತದೆ. 5ಕ್ಕೆ ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ. 2.4ರದ್ದು ಇದಕ್ಕೆ ಉಲ್ಟಾ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಟಿವಿಗೆ 5, ಒಳಕೋಣೆಯ ಫೋನಿಗೆ 2.4 ಎಂದು ಸ್ವಲ್ಪ ದಿನ ನೋಡಿ. ಕಾಸರಗೋಡು ಪೇಟೆಯ ಅಥವಾ ಉಪ್ಪಳದ ಫ್ಲ್ಯಾಟ್‌ಗಳಲ್ಲಿ ಪಕ್ಕದವರ ವೈ-ಫೈ ಅಡ್ಡ ಬರುತ್ತದೆ. ಅಲ್ಲಿ 2.4ರ ಚಾನೆಲನ್ನು 1, 6, 11ರಲ್ಲಿ ಖಾಲಿ ಇರುವ ಒಂದಕ್ಕೆ ಬದಲಿಸಿ, ಚಾನೆಲಿನ ಅಗಲ 20 ಮೆಗಾಹರ್ಟ್ಸ್‌ನಲ್ಲೇ ಇರಲಿ. ತೋಟದ ನಡುವಿನ ಒಂಟಿ ಮನೆಯವರು ಚಾನೆಲ್‌ಗಾಗಿ ಸುಮ್ನೆ ತಲೆ ಕೆಡಿಸಿಕೊಳ್ಳುವುದು ಬೇಡ.

ಇಷ್ಟಾದರೂ ಆಗದಿದ್ದರೆ

ಆಗ ಅಂಗಡಿಯಲ್ಲಿ ಮೊದಲು ತೋರಿಸುವುದು ರಿಪೀಟರ್, ಅಂದರೆ ಸಿಕ್ಕಿದ ಸಿಗ್ನಲನ್ನು ಮುಂದಕ್ಕೆ ಹಂಚುವ ಪೆಟ್ಟಿಗೆ. ಜನ ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಚುಚ್ಚುತ್ತಾರೆ. ಅದಕ್ಕೇ ಸಿಗದ್ದನ್ನು ಅದು ಹಂಚುವುದಾದರೂ ಹೇಗೆ? ಮೈನಸ್ 65ರೊಳಗೆ ಸಿಗುವ ನಡುದಾರಿಯಲ್ಲಿ ಅದನ್ನು ಇಡಬೇಕು. ಆಗಲೂ ಒಂದೇ ಬ್ಯಾಂಡಿನದ್ದಾದರೆ ಕೇಳುವುದು, ಹೇಳುವುದು ಎರಡೂ ಅದೇ ದಾರಿಯಲ್ಲಿ ನಡೆದು ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ.

ನನ್ನ ಮತ ಕೇಬಲ್‌ಗೆ. ಒಳಕೋಣೆವರೆಗೆ ಕ್ಯಾಟ್ 6 ಲ್ಯಾನ್ ಕೇಬಲ್ ಎಳೆದು, ತುದಿಗೆ ಎರಡನೇ ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದದ್ದನ್ನು ವೈ-ಫೈ ಮಾಡಿ ಹಂಚುವ ಪೆಟ್ಟಿಗೆ) ಹಾಕಿ. 100 ಮೀಟರ್‌ವರೆಗೆ ತೊಂದರೆಯಿಲ್ಲ. ಅಂಗಡಿಯಲ್ಲಿ ಶುದ್ಧ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ಬೇಡ. ಕಪಾಟಿನಲ್ಲಿ ಬಿದ್ದಿರುವ ಹಳೇ ರೌಟರ್ ಇದ್ದರೂ ಆದೀತು: ಅದರ ಲ್ಯಾನ್ ವಿಳಾಸವನ್ನು ದೊಡ್ಡ ಪೆಟ್ಟಿಗೆಯ ಸಾಲಿನಲ್ಲೇ ಬೇರೆ ಕೊನೆ ಅಂಕಿಗೆ ಬದಲಿಸಿ (192.168.1.1 ಅಲ್ಲಿದ್ದರೆ ಇಲ್ಲಿ 192.168.1.2), ಫೋನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ವ್ಯಾನ್ (WAN) ಪೋರ್ಟ್ ಬಿಟ್ಟು ಲ್ಯಾನ್ ಪೋರ್ಟಿಗೆ ಚುಚ್ಚಿ. ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ.

ಮನೆಯಿಂದ ದೂರದ ಹಟ್ಟಿಗೋ ತೋಟದ ಕೊಟ್ಟಿಗೆಗೋ ಬೇಕಾದರೆ ತಾಮ್ರದ ಕೇಬಲನ್ನು ಅಂಗಳದ ಮೇಲೆ ಎಳೆಯಲೇಬೇಡಿ. ತುಲಾವರ್ಷದ (ಹಿಂಗಾರು ಮಳೆಯ) ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಆ ತಂತಿಯಲ್ಲಿ ವಿದ್ಯುತ್ ನುಗ್ಗಿ ಎರಡೂ ಕಡೆಯ ಪೆಟ್ಟಿಗೆ ಸುಟ್ಟುಹೋದೀತು. ಅಲ್ಲಿಗೆ ಫೈಬರ್ ಎಳೆದು, ಎರಡು ತುದಿಗೆ ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಕೆಲವು ಫೈಬರ್ ವಯರಿನ ಪಕ್ಕದಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೋಡೆಯಲ್ಲೇ ಕಟ್ಟಿ ತುಂಡರಿಸಬೇಕು, ಒಳಗೆ ತರಬಾರದು. ಕರೆಂಟಿನ ದಾರಿಯಲ್ಲೂ ಸಿಡಿಲು ಬರುವುದರಿಂದ ಮೋಡ ಕಟ್ಟುವಾಗಲೇ, ಗುಡುಗು ಕೇಳಿಸುವ ಮೊದಲೇ ಎರಡೂ ಕಡೆಯ ಪ್ಲಗ್ ತೆಗೆದುಬಿಡಿ.