ವೀರಗಲ್ಲಿನ ದಾರಿ ಬರೆದಿಡಲು ನನ್ನ ಚೀಲದಲ್ಲಿರುವುದು

ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಕಡೆಯ ಹೊಲಗಳಲ್ಲಿ, ಕೆರೆ ಏರಿಗಳ ಮೇಲೆ ನಿಂತಿರುವ ವೀರಗಲ್ಲುಗಳನ್ನು, ಸತಿ ಹೋದವರ ನೆನಪಿನ ಮಾಸ್ತಿಕಲ್ಲುಗಳನ್ನು ದಾಖಲಿಸುವುದು ನನ್ನ ಬಿಡುವಿನ ಕೆಲಸ. ಈ ಸೀಮೆಯ ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 11ನೇ ಸಂಪುಟವೇ ಆಧಾರ. ಅದರಲ್ಲಿ ಎಷ್ಟೋ ಕಲ್ಲುಗಳ ನೆಲೆಯನ್ನು ಊರಿನ ಯಾವ ದಿಕ್ಕಿಗೆ, ಯಾವ ಹೊಲದ ಹತ್ತಿರ ಎಂದಷ್ಟೇ ಹೇಳಿದೆ. ನೂರು ವರ್ಷ ಕಳೆದಿವೆ. ಹೊಲಗಳು ಪಾಲಾಗಿವೆ, ಒಡೆಯರು ಬದಲಾಗಿದ್ದಾರೆ, ಬದುಗಳನ್ನು ಜೆಸಿಬಿ ಸವರಿ ಹಾಕಿದೆ. ಹಾಗಾಗಿ ನನ್ನ ಟಿಪ್ಪಣಿಗೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ನಾನು ಜೊತೆಗಿಲ್ಲದೆ, ಆ ಪುಟವೊಂದನ್ನೇ ಹಿಡಿದು ಹೊರಟವರು ನೇರವಾಗಿ ಕಲ್ಲಿನ ಮುಂದೆ ಹೋಗಿ ನಿಲ್ಲಬೇಕು. ಚೀಲದಲ್ಲಿ ಏನಿರಬೇಕು ಎಂಬುದನ್ನು ಈ ಪರೀಕ್ಷೆಯೇ ತೀರ್ಮಾನಿಸಿದೆ. ಫೋನನ್ನು ಬಿಟ್ಟರೆ ಎಲ್ಲವೂ ಸ್ಟೇಷನರಿ ಅಂಗಡಿಯಲ್ಲೇ ಸಿಗುವಂಥವು. ದಿಕ್ಸೂಚಿ ಮಾತ್ರ ಕೆಲವು ನೂರು ರೂಪಾಯಿ.

ಪುಸ್ತಕ ಅಂಗಿಯ ಜೇಬಿನಲ್ಲಿ ಕೂರುವಷ್ಟು ಚಿಕ್ಕದು, ದಪ್ಪ ರಟ್ಟಿನದು, ನೂಲಿನಲ್ಲಿ ಹೊಲಿದದ್ದು. ಸುರುಳಿ ತಂತಿಯ ಪುಸ್ತಕದ ಹಾಳೆಗಳು ಚೀಲದಲ್ಲಿ ಉಜ್ಜಿ ಕಿತ್ತುಬರುತ್ತವೆ. ಬರೆಯುವುದಕ್ಕೆ ಪೆನ್ಸಿಲ್, ಅದೂ 2ಬಿ. ಅದರ ಸೀಸ ನೀರಿನಲ್ಲಿ ಕರಗುವುದಿಲ್ಲ, ಏಪ್ರಿಲ್ ಬಿಸಿಲಿಗೆ ಸೋರುವುದಿಲ್ಲ. ಜೆಲ್ ಪೆನ್ನಿನ ಅಕ್ಷರವಾದರೆ ಬೆವರಿದ ಅಂಗೈ ತಾಗಿದರೂ ಹರಡುತ್ತದೆ. ಆಷಾಢದಲ್ಲಿ ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವಾಗ ಹಾಳೆಯನ್ನು ಹಿಡಿದು ನಿಲ್ಲಿಸುವುದೇ ದೊಡ್ಡ ಕೆಲಸ. ಅದಕ್ಕೆ ಎರಡು ಅಗಲದ ರಬ್ಬರ್ ಬ್ಯಾಂಡ್ ಸಾಕು, ಪುಟದ ಮೇಲೊಂದು, ಕೆಳಗೊಂದು. ಮಳೆಗೆ ಜಿಪ್ ಇರುವ ಪ್ಲಾಸ್ಟಿಕ್ ಕವರ್. ನಕ್ಷೆಯನ್ನು ಮಕ್ಕಳ ಪರೀಕ್ಷೆಯ ಪ್ಯಾಡಿಗೆ ಸಿಕ್ಕಿಸಿಕೊಳ್ಳುತ್ತೇನೆ. ಕಲ್ಲಿನ ಎತ್ತರ, ಅಗಲ ಅಳೆಯಲು ದರ್ಜಿಯವರ ಬಟ್ಟೆ ಟೇಪು ಇದೆ. ಉಕ್ಕಿನ ಟೇಪು ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ.

ನಕ್ಷೆಗಳು ಎರಡು ಬೇಕು. ಮೊದಲನೆಯದು ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ್ದು. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ಗುಡ್ಡದ ಏರಿಳಿತ, ಹಳ್ಳ, ಕೆರೆಗಳನ್ನು ಓದಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಎರಡನೆಯದು ಗ್ರಾಮ ನಕ್ಷೆ. ನನ್ನ ಕೆಲಸಕ್ಕೆ ಹೆಚ್ಚು ಒದಗುವುದು ಇದೇ. ಕಂದಾಯ ದಾಖಲೆಗಳ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಸರ್ವೆ ನಂಬರುಗಳ ಗಡಿ, ಬಂಡಿದಾರಿ, ಹಳ್ಳ, ಕೆರೆ ಎಲ್ಲವೂ ಅದರಲ್ಲಿವೆ. ಇದರ ಪ್ರಮಾಣ ಸಾಮಾನ್ಯವಾಗಿ 1:7,920, ಅಂದರೆ ಅಂಗುಲಕ್ಕೆ 660 ಅಡಿ. ವಿಚಿತ್ರ ಸಂಖ್ಯೆಯಂತೆ ಕಂಡರೂ ಲೆಕ್ಕ ನಮ್ಮದೇ: 33 ಅಡಿಯ ಸರಪಳಿ ಇಪ್ಪತ್ತು ಸಲ, ಆ ಸರಪಳಿಯ ಚೌಕವೇ ಒಂದು ಗುಂಟೆ. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದುವಂತೆ ಕುಗ್ಗಿಸಿ ಮುದ್ರಿಸಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಮೂಲ ಅಳತೆಯಲ್ಲೇ ಮುದ್ರಿಸಲು ಹೇಳಿ, ಅಲ್ಲೇ ಸ್ಕೇಲ್ ಇಟ್ಟು ನೋಡಿ. ಲೇಸರ್ ಮುದ್ರಣವಾದರೆ ನೀರು ಬಿದ್ದರೂ ಗೆರೆ ಕದಡುವುದಿಲ್ಲ.

ಬಾಂದು ಕಲ್ಲು, ಅಂದರೆ ಸರ್ವೆಯವರು ಹೊಲದ ಗಡಿಗೆ ನೆಟ್ಟ ಕಲ್ಲು, ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಲ್ಲಿಂದ ವೀರಗಲ್ಲಿಗೆ ಎಷ್ಟು ಡಿಗ್ರಿ, ಎಷ್ಟು ಮೀಟರ್ ಎಂದು ಬರೆದಿಟ್ಟರೆ ಹೊಲ ಯಾರ ಹೆಸರಿಗೆ ಹೋದರೂ ನೆಲೆ ಉಳಿಯುತ್ತದೆ. ಇಂಥ ಕಲ್ಲುಗಳೂ ಕಾಣೆಯಾಗುತ್ತಿರುವುದರಿಂದ ಇನ್ನೆರಡು ಗುರುತುಗಳನ್ನು ಸೇರಿಸುತ್ತೇನೆ: ಕೆರೆಯ ತೂಬು, ಗುಡಿಯ ಶಿಖರ, ಓವರ್‌ಹೆಡ್ ಟ್ಯಾಂಕ್, ಯಾವುದಾದರೂ. ಗಾಳಿಯಂತ್ರಗಳನ್ನು ಗುರುತಾಗಿ ಹಿಡಿಯುವುದಿಲ್ಲ. ದೂರದಿಂದ ಎಲ್ಲವೂ ಒಂದೇ ರೀತಿ ಕಾಣುತ್ತವೆ.

ದಿಕ್ಸೂಚಿ ಪಾರದರ್ಶಕ ತಳವಿರುವ, ದ್ರವ ತುಂಬಿದ ಸಾಮಾನ್ಯ ಮಾದರಿಯದು. ನಕ್ಷೆಯ ಮೇಲೆ ಕೋನ ಗುರುತಿಸಲು ಜಾಮಿಟ್ರಿ ಬಾಕ್ಸಿನ ಕೋನಮಾಪಕ ಧಾರಾಳವಾಗಿ ಸಾಕು. ನಮ್ಮ ಭಾಗದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಒಂದು ಡಿಗ್ರಿ. ಒಂದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಸುಮಾರು 17 ಮೀಟರ್ ಸರಿಯುತ್ತದೆ. ಇನ್ನೂರು, ಮುನ್ನೂರು ಮೀಟರಿನ ನನ್ನ ಅಳತೆಗಳಿಗೆ ಅದು ಲೆಕ್ಕಕ್ಕಿಲ್ಲ. ಎಚ್ಚರ ಬೇಕಾದದ್ದು ಬೇರೆ ಕಡೆ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಅಲ್ಲಲ್ಲಿ ಕಬ್ಬಿಣದ ಅಂಶ ಹೆಚ್ಚಿರುವ ಕಲ್ಲುಗಳಿವೆ, ಅವು ಮುಳ್ಳನ್ನು ದಾರಿ ತಪ್ಪಿಸಬಲ್ಲವು. ಪತ್ತೆ ಹಚ್ಚುವುದು ಸುಲಭ: ಇಲ್ಲಿಂದ ಅಲ್ಲಿಗೆ ಒಮ್ಮೆ, ಅಲ್ಲಿಂದ ಇಲ್ಲಿಗೆ ಒಮ್ಮೆ ನೋಡಿ. ಎರಡರ ನಡುವೆ ಸರಿಯಾಗಿ 180 ಡಿಗ್ರಿ ಅಂತರ ಬರಬೇಕು. ಬಾರದಿದ್ದರೆ ಎರಡರಲ್ಲಿ ಒಂದು ಜಾಗದಲ್ಲಿ ಏನೋ ಎಳೆಯುತ್ತಿದೆ ಎಂದರ್ಥ. ಹತ್ತು ಹೆಜ್ಜೆ ಸರಿದು ಮತ್ತೆ ನೋಡುತ್ತೇನೆ. ತಂತಿ ಬೇಲಿ, ಕೊಳವೆಬಾವಿಯ ಕೇಸಿಂಗ್, ಜೇಬಿನ ಫೋನು ಇವೂ ಅದೇ ಕೆಲಸ ಮಾಡುತ್ತವೆ.

ದೂರಕ್ಕೆ ಹೆಜ್ಜೆಯೇ ಅಳತೆಗೋಲು. ರಸ್ತೆ ಬದಿಯ 200 ಮೀಟರ್ ಕಲ್ಲುಗಳ ನಡುವೆ ನಡೆದು ಹೆಜ್ಜೆ ಎಣಿಸಿಕೊಂಡರೆ ನಿಮ್ಮ ಲೆಕ್ಕ ನಿಮಗೆ ಸಿಗುತ್ತದೆ. ಎಡಗಾಲು ಊರಿದಾಗ ಮಾತ್ರ ಎಣಿಸಿದರೆ ಸಮತಟ್ಟಾದ ದಾರಿಯಲ್ಲಿ ನನಗೆ ನೂರು ಮೀಟರಿಗೆ 64 ಬರುತ್ತದೆ. ಉತ್ತ ಎರೆಹೊಲದಲ್ಲಿ, ಏರುದಾರಿಯಲ್ಲಿ ಹೆಜ್ಜೆ ಚಿಕ್ಕದಾಗುವುದರಿಂದ ಎಣಿಕೆ ಏರುತ್ತದೆ. ಅದನ್ನೂ ಬೇರೆಯಾಗಿ ಅಳೆದಿಟ್ಟುಕೊಂಡಿದ್ದೇನೆ. ಪ್ರತಿ ನೂರು ಮೀಟರಿಗೆ ಒಂದು ಹುಣಸೆ ಬೀಜವನ್ನು ಬಲ ಜೇಬಿನಿಂದ ಎಡ ಜೇಬಿಗೆ ಹಾಕುತ್ತೇನೆ. ದಾರಿಯಲ್ಲಿ ಯಾರಾದರೂ ಮಾತಿಗೆ ನಿಲ್ಲಿಸಿದರೂ ಲೆಕ್ಕ ತಪ್ಪುವುದಿಲ್ಲ. ಮಾತಿಗೆ ನಿಲ್ಲಲೇಬೇಕು, ಕಲ್ಲುಗಳ ಸುಳಿವು ಸಿಗುವುದೇ ಕುರಿಗಾಹಿಗಳಿಂದ.

ಫೋನನ್ನು ನಾನು ದೂರುವುದಿಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಬಯಲಲ್ಲಿ ಐದಾರು ಮೀಟರ್ ಆಸುಪಾಸಿನಲ್ಲಿ ನೆಲೆ ತೋರಿಸುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನೇ ಹೇಳುತ್ತದೆ. ಕೋಟೆಯ ಸುತ್ತಲಿನಂಥ ದೊಡ್ಡ ಬಂಡೆಗಳ ಸಂದಿಯಲ್ಲಿ ಮಾತ್ರ ಸಂಕೇತ ಬಂಡೆಗೆ ಬಡಿದು ಬರುವುದರಿಂದ ಅಂಕಿಗಳು ಓಲಾಡುತ್ತವೆ. ಅಲ್ಲಿ ಬಯಲಿಗೆ ಬಂದು ನೆಲೆ ಹಿಡಿದು, ಉಳಿದ ದೂರವನ್ನು ಹೆಜ್ಜೆಯಲ್ಲಿ ಅಳೆಯುತ್ತೇನೆ. ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಪುಸ್ತಕದಲ್ಲೇ ಬರೆಯುತ್ತೇನೆ. ಕೊನೆಯ ಸ್ಥಾನ ಹನ್ನೊಂದು ಮೀಟರಿನಷ್ಟು, ಅದಕ್ಕಿಂತ ಮುಂದೆ ಬರೆದು ಪ್ರಯೋಜನವಿಲ್ಲ.

ಕೈಗಡಿಯಾರದ ಮುಳ್ಳನ್ನು ಸೂರ್ಯನತ್ತ ಹಿಡಿದು ದಕ್ಷಿಣ ಕಂಡುಕೊಳ್ಳುವ ಉಪಾಯವನ್ನು ಇಲ್ಲಿ ನಂಬಬೇಡಿ. ನಾವು 14 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ರಾತ್ರಿಯಾದರೆ ಧ್ರುವ ನಕ್ಷತ್ರವಿದೆ: ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಎತ್ತರದಲ್ಲಿ, ಉತ್ತರದ ಅಂಚು ಗುಡ್ಡಗಳಿಲ್ಲದೆ ತೆರೆದಿದ್ದರೆ.

ಪುಸ್ತಕದ ಎಡಪುಟ ಚಿತ್ರಕ್ಕೆ, ಬಲಪುಟ ಮಾತಿಗೆ. ದಿನಾಂಕ, ಗ್ರಾಮ, ಹೋಬಳಿ, ಸರ್ವೆ ನಂಬರ್, ಊರವರು ಆ ಹೊಲವನ್ನು ಕರೆಯುವ ಹೆಸರು, ಕಲ್ಲು ಮುಖ ಮಾಡಿರುವ ದಿಕ್ಕು, ಅಳತೆ, ಬಾಂದು ಕಲ್ಲಿನಿಂದ ಡಿಗ್ರಿ ಮತ್ತು ದೂರ, ಇಷ್ಟೂ ತುಂಬದೆ ಜಾಗ ಬಿಡುವುದಿಲ್ಲ. ಹೊರಡುವ ಮುಂಚೆ ಪುಟವನ್ನು ಕಲ್ಲಿನ ಪಕ್ಕದಲ್ಲಿಟ್ಟು ಒಂದು ಫೋಟೊ ತೆಗೆಯುತ್ತೇನೆ. ಮನೆಗೆ ಬಂದ ರಾತ್ರಿಯೇ ದೊಡ್ಡ ಪುಸ್ತಕಕ್ಕೆ ಶಾಯಿಯಲ್ಲಿ ಇಳಿಸಿ, ಒಂದು ಪ್ರತಿಯನ್ನು ಆ ಹೊಲದವರಿಗೆ ತಲುಪಿಸುತ್ತೇನೆ. ಬದು ಸವರುವ ದಿನ ಕಲ್ಲಿನ ಪಕ್ಕದಲ್ಲಿ ನಿಂತಿರುವವರು ಅವರೇ.