ಗುಲಾಬಿ ಗಿಡ ತರುವಾಗ ಹೂ ನೋಡಬೇಡಿ, ಬುಡ ನೋಡಿ

ನರ್ಸರಿಗೆ ಹೋದರೆ ನಾವೆಲ್ಲ ಅರಳಿದ ಹೂ ನೋಡಿಯೇ ಮರುಳಾಗುತ್ತೇವೆ, ಅಲ್ವಾ? ಆ ಹೂ ನಾಲ್ಕು ದಿನಕ್ಕೆ ಉದುರಿಹೋಗುತ್ತದೆ. ಉಳಿಯುವುದು ಗಿಡ. ಹಾಗಾಗಿ ಮೊದಲು ಬಗ್ಗಿ ಬುಡ ನೋಡಿ. ಅಲ್ಲೊಂದು ಗಂಟು ಇರುತ್ತದೆ, ಅದೇ ಕಸಿ ಕಟ್ಟಿದ ಜಾಗ, ಅಂದರೆ ಕಾಡು ಗುಲಾಬಿಯ ಬೇರಿನ ಮೇಲೆ ನಮಗೆ ಬೇಕಾದ ಗುಲಾಬಿಯನ್ನು ಕೂಡಿಸಿದ ಕಡೆ. ಅದರ ಮೇಲಿಂದ ಪೆನ್ಸಿಲ್ ದಪ್ಪದ ಎರಡು ಮೂರು ಕೊಂಬೆ ಹೊರಟಿದ್ದರೆ ಕಣ್ಣು ಮುಚ್ಚಿ ತನ್ನಿ. ಎಲೆ ಮೇಲೆ ಕಪ್ಪು ಚುಕ್ಕೆ ಇದ್ದರೆ ಹೂ ಎಷ್ಟೇ ಚೆಂದ ಇರಲಿ, ಅಲ್ಲೇ ಬಿಟ್ಟು ಬನ್ನಿ.

ಈ ಗಂಟಿನ ಪಾಠ ನಾನು ಕಲಿತದ್ದು ಪೆಟ್ಟು ತಿಂದು. ಗಂಟಿನ ಕೆಳಗಿಂದ ಒಂದು ಚಿಗುರು ಸರಸರ ಎದ್ದಿತ್ತು. ಗಿಡ ಹುಲುಸಾಗಿ ಬೆಳೀತಿದೆ ಅಂತ ಖುಷಿಯಲ್ಲಿ ವರ್ಷವಿಡೀ ನೀರು ಗೊಬ್ಬರ ಹಾಕಿ ಸಾಕಿದೆ. ಒಂದು ಹೂವೂ ಬಿಡಲಿಲ್ಲ! ಅದು ಕಸಿಗೆ ಬಳಸಿದ ಕಾಡು ಗುಲಾಬಿಯ ಚಿಗುರು, ನಿಜವಾದ ಗಿಡ ಅದರ ನೆರಳಲ್ಲಿ ಸೊರಗಿಹೋಗಿತ್ತು. ಇಂಥದ್ದು ಕಂಡರೆ ಮಣ್ಣು ಸ್ವಲ್ಪ ಕೆದಕಿ ಬುಡದಿಂದಲೇ ಕಿತ್ತುಬಿಡಿ. ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಯಾವ ಬಗೆ ತರಬೇಕು? ಹೈಬ್ರಿಡ್ ಟೀ ಅಂದರೆ ಉದ್ದ ದಂಟಿನ ತುದಿಗೆ ಸಾಮಾನ್ಯವಾಗಿ ಒಂದೊಂದೇ ದೊಡ್ಡ ಹೂ. ಚೆಂದ ಹೌದು, ಆದರೆ ಆರೈಕೆ ಜಾಸ್ತಿ ಕೇಳುತ್ತದೆ. ಫ್ಲೋರಿಬಂಡಾದಲ್ಲಿ ಹೂ ಚಿಕ್ಕದು, ಗೊಂಚಲು ಗೊಂಚಲಾಗಿ ಬಿಡುತ್ತದೆ, ಸಣ್ಣಪುಟ್ಟ ತಪ್ಪು ಸಹಿಸಿಕೊಳ್ಳುತ್ತದೆ. ಮೊದಲ ಸಲ ಬೆಳೆಸುವವರಿಗೆ ನನ್ನ ಓಟು ಇದಕ್ಕೇ. 1958ರಲ್ಲಿ ಬಂದ ಐಸ್‌ಬರ್ಗ್ ಎಂಬ ಬಿಳಿ ಫ್ಲೋರಿಬಂಡಾ ತಳಿ ಇವತ್ತಿಗೂ ಓಡುತ್ತಿರುವುದು ಸುಮ್ನೆ ಅಲ್ಲ, ಘಮ ಮಾತ್ರ ಕಡಿಮೆ.

ಜಾಗಕ್ಕೆ ದಿನಕ್ಕೆ 6 ಗಂಟೆ ಬಿಸಿಲು ಬೇಕೇ ಬೇಕು, ಬೆಳಗಿನ ಬಿಸಿಲಾದರೆ ಇನ್ನೂ ಒಳ್ಳೆಯದು. ಒಂದೂವರೆ ಅಡಿ ಗುಂಡಿ ತೋಡಿ ನೀರು ತುಂಬಿ ನೋಡಿ. ಗಂಟೆಗಟ್ಟಲೆ ನಿಂತೇ ಇದ್ದರೆ ಬೇರು ಕೊಳೆಯುತ್ತದೆ ಅಂತ ಅರ್ಥ, ಆಗ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ. ಮೂರರಲ್ಲಿ ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಕಸಿ ಗಂಟು ಮಣ್ಣಿಗಿಂತ ಮೇಲಿರಲಿ. ಹಿಮ ಬೀಳುವ ಕಡೆಯಾದರೆ ಮಾತ್ರ ಎರಡು ಇಂಚು ಒಳಗೆ ಹೂಳಬೇಕು.

ನೀರು ಬುಡಕ್ಕೆ ಹಾಕಿ, ಎಲೆಗಲ್ಲ. ಕಪ್ಪು ಚುಕ್ಕೆ ರೋಗ ಅಂಟಲು ಎಲೆ ಸುಮಾರು 7 ಗಂಟೆ ಒದ್ದೆಯಾಗಿದ್ದರೆ ಸಾಕು, ಸಂಜೆ ಗಿಡದ ತಲೆ ಮೇಲೆ ನೀರು ಸುರಿದರೆ ಅದಕ್ಕೆ ನಾವೇ ಬಾಗಿಲು ತೆರೆದ ಹಾಗೆ. ದಿನಾ ಚಿಮುಕಿಸುವ ಬದಲು ಮೇಲ್ಮಣ್ಣು ಒಣಗಿದಾಗ ಬೇರಿನವರೆಗೆ ಇಳಿಯುವಷ್ಟು ಹಾಕಿ. ಚಿಗುರಿಗೆ ಸಸ್ಯಹೇನು ಮುತ್ತಿದರೆ ಔಷಧಿಗೆ ಓಡಬೇಡಿ, ಬೆಳಗ್ಗೆ ಪೈಪಿನಿಂದ ಜೋರಾಗಿ ನೀರು ಹೊಡೆದರೆ ಎಷ್ಟೋ ಉದುರುತ್ತವೆ.

ಬಾಡಿದ ಹೂವನ್ನು ಬರೀ ತಲೆ ಚಿವುಟಬೇಡಿ, ಕೆಳಗೆ ಐದೆಲೆಯ ಮೊದಲ ಗೊಂಚಲಿನವರೆಗೆ ಕತ್ತರಿಸಿ. ವರ್ಷಕ್ಕೊಮ್ಮೆ, ಹೊಸ ಚಿಗುರು ಏಳುವ ಮುಂಚೆ, ಧೈರ್ಯ ಮಾಡಿ ಅರ್ಧದಷ್ಟು ಸವರಿ. ಹೊರಮುಖದ ಚಿಗುರು ಕಣ್ಣಿನಿಂದ (ಹೂಮೊಗ್ಗಲ್ಲ, ಹೊಸ ಕೊಂಬೆ ಒಡೆಯುವ ಜಾಗ) ಕಾಲು ಇಂಚು ಮೇಲೆ ಕತ್ತರಿ ಇಡಿ. ಕತ್ತರಿಸಿದ ಕೊಂಬೆಯ ಒಳಗೆ ಕಂದು ಬಣ್ಣ ಕಂಡರೆ ಅದು ಸತ್ತಿದೆ, ಬಿಳಿ ಸಿಗುವವರೆಗೆ ಇನ್ನೂ ಕೆಳಗಿಳಿಯಿರಿ. ಬೋಳಾಗಿ ನಿಂತ ಗಿಡ ನೋಡಿ ಹೊಟ್ಟೆ ಚುರ್ ಅನ್ನುತ್ತದೆ, ನನಗೆ ಈಗಲೂ. ಆರರಿಂದ ಎಂಟು ವಾರಕ್ಕೆ ಹೂ ಬರುತ್ತದೆ, ಅಷ್ಟರೊಳಗೆ ಗೊಬ್ಬರ ಸುರಿದು ಅವಸರ ಮಾಡಬೇಡಿ.