ಕುರಿ ಲಿವರ್‌ನಲ್ಲಿ ಅಮೈನೋ ಸಕ್ಕರೆ: ಮೂರು ಟ್ಯೂಬಿನಲ್ಲಿ ನೋಡುವುದು ಹೇಗೆ?

ಪ್ರತಿ ವರ್ಷ ಎಂಎಸ್ಸಿ ಮಕ್ಕಳ ಕೈಲಿ ಈ ಪ್ರಯೋಗ ಮಾಡಿಸುತ್ತೇನೆ. ಕೀಲಿನ ಮೃದು ಎಲುಬಿಗೂ ಕರುಳಿನ ಲೋಳೆಗೂ ಗ್ಲುಕೋಸಮೈನ್ ಎಂಬ ಅಮೈನೋ ಸಕ್ಕರೆ (ನೈಟ್ರೋಜನ್ ಇರುವ ಸಕ್ಕರೆ) ಬೇಕು. ಅದರಲ್ಲಿರುವ ನೈಟ್ರೋಜನ್ ಬಂದದ್ದು ಎಲ್ಲಿಂದ? ಸುಮ್ನೆ ಬಾಯಿಪಾಠ ಮಾಡುವ ಬದಲು ಕಣ್ಣಾರೆ ನೋಡಬಹುದು.

ಬೆಳಿಗ್ಗೆ 6ಕ್ಕೇ ಮಟನ್ ಅಂಗಡಿಗೆ ಹೋಗಿ. ಆಗಷ್ಟೇ ಕೊಯ್ದ ಕುರಿಯ ಲಿವರ್ 50 ಗ್ರಾಂ ಸಾಕು. ಡಬ್ಬಿಯಲ್ಲಿ ಐಸ್ ಮೊದಲೇ ತುಂಬಿರಲಿ. ಈ ಸಕ್ಕರೆ ಕಟ್ಟುವ ಲಿವರ್‌ನ ಕಿಣ್ವ ಬಹಳ ನಾಜೂಕು. ಒಂದು ವರ್ಷ ಬಸ್ಸು ತಡವಾಗಿ ಐಸ್ ಕರಗಿತ್ತು. ಸಂಜೆವರೆಗೆ ದುಡಿದರೂ ಬಣ್ಣ ಬರಲಿಲ್ಲ. ಮಕ್ಕಳ ಮುಖ ನೋಡೋಕಾಗಲಿಲ್ಲ.

ಲಿವರನ್ನು ನಾಲ್ಕು ಪಟ್ಟು ತಣ್ಣನೆಯ ಫಾಸ್ಫೇಟ್ ಬಫರ್‌ನಲ್ಲಿ ಅರೆಯಿರಿ. ಪಿಎಚ್ 7.5 ಇರಲಿ, ಸ್ವಲ್ಪ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ) ಇರಲಿ. ಕಿಣ್ವ ಬಳಸುವ ಸಕ್ಕರೆಯಾದ ಫ್ರಕ್ಟೋಸ್-6-ಫಾಸ್ಫೇಟನ್ನು ಚೂರು ಸೇರಿಸಿದರೆ ಕಿಣ್ವ ಇನ್ನಷ್ಟು ಹೊತ್ತು ತಾಳುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆಯಿರಿ.

ಇಲ್ಲೇ ಬಹಳ ಜನ ಎಡವುವುದು. ನೈಟ್ರೋಜನ್ ಕೊಡುತ್ತದೆಯೇ ಎಂದು ನಾವು ಪರೀಕ್ಷಿಸುವ ಅಮೈನೋ ಆಮ್ಲ ಗ್ಲುಟಮಿನ್. ಅದು ಲಿವರ್‌ನಲ್ಲಿ ಮೊದಲೇ ಇರುತ್ತದೆ, ಅಲ್ವಾ? ಅದಕ್ಕೇ ತಿಳಿಯನ್ನು ಪುಟ್ಟ ಸೆಫಾಡೆಕ್ಸ್ ಜಿ-25 (ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಮಣಿಗಳು) ಕಾಲಮ್ಮಿನಲ್ಲಿ ಇಳಿಸಿ. ಸಣ್ಣ ಅಣುಗಳು ಹಿಂದೆ ಉಳಿಯುತ್ತವೆ, ಕಿಣ್ವ ಮೊದಲು ಹೊರಬರುತ್ತದೆ.

ಮೊದಲ ಟ್ಯೂಬಿಗೆ ತಿಳಿ, ಫ್ರಕ್ಟೋಸ್-6-ಫಾಸ್ಫೇಟ್, ಗ್ಲುಟಮಿನ್ ಹಾಕಿ. ಗ್ಲುಟಮಿನ್ ದ್ರಾವಣ ಅವತ್ತೇ ಮಾಡಿದ್ದಿರಲಿ, ಇಟ್ಟರೆ ಕೆಡುತ್ತದೆ. ಎರಡನೆಯದಕ್ಕೆ ಗ್ಲುಟಮಿನ್ ಬದಲು ನೀರು. ಮೂರನೆಯದರಲ್ಲಿ ಎಲ್ಲವೂ ಇರಲಿ, ಆದರೆ ತಿಳಿ ಮಾತ್ರ ಕುದಿಸಿದ್ದು. 37 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಕುದಿಯುವ ನೀರಿನಲ್ಲಿ ಅದ್ದಿ ಕೆಲಸ ನಿಲ್ಲಿಸಿ. ಗಟ್ಟಿಯಾದ ಪ್ರೋಟೀನನ್ನು ಮತ್ತೆ ಸೆಂಟ್ರಿಫ್ಯೂಜ್ ಮಾಡಿ ಬೇರ್ಪಡಿಸಿ.

ಈಗ ಬಣ್ಣದ ಕೆಲಸ. ಐಸಿನಲ್ಲಿಟ್ಟು ಬೈಕಾರ್ಬನೇಟ್ ಜೊತೆ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ. ಅಮೈನೋ ಗುಂಪಿಗೆ ಅಸಿಟೈಲ್ ಸೇರದೆ ಈ ಬಣ್ಣ ಬರುವುದಿಲ್ಲ. ಆಮೇಲೆ ಬೊರೇಟ್ ಹಾಕಿ, ಗಡಿಯಾರ ನೋಡಿಕೊಂಡು ಸರಿಯಾಗಿ 3 ನಿಮಿಷ ಕುದಿಸಿ, ತಣಿಸಿ. ಬಣ್ಣ ಬರಿಸುವ ಎರ್ಲಿಕ್ ರಿಯೇಜೆಂಟ್ 3 ಮಿಲಿ ಹಾಕಿ 37 ಡಿಗ್ರಿಯಲ್ಲಿ 20 ನಿಮಿಷ ಕಾಯಿರಿ. ಈ ಹಂತವನ್ನು ಫ್ಯೂಮ್ ಹುಡ್ಡಿನಲ್ಲೇ ಮಾಡಿ. ಬಣ್ಣದ ಗಾಢತೆಯನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 585 ನ್ಯಾನೋಮೀಟರಿಗೆ ಇಟ್ಟು ಓದಿ.

ಮೊದಲ ಟ್ಯೂಬು ಮೆಲ್ಲಗೆ ನೇರಳೆ ಮಿಶ್ರಿತ ಗುಲಾಬಿಗೆ ತಿರುಗುತ್ತದೆ. ಉಳಿದೆರಡು ಪೇಲವ. 1953ರಲ್ಲಿ ಅರ್ಜೆಂಟೀನಾದ ಲೆಲೋಯಿರ್ ಮತ್ತು ಕಾರ್ಡಿನಿ ನ್ಯೂರೋಸ್ಪೊರಾ ಬೂಷ್ಟಿನಲ್ಲಿ ಕಂಡ ಕೆಲಸ ನಿಮ್ಮ ಕುರಿ ಲಿವರ್‌ನಲ್ಲೂ ನಡೆದಿದೆ: ನೈಟ್ರೋಜನ್ ಕೊಟ್ಟದ್ದು ಗ್ಲುಟಮಿನ್.